ಪುಟದಂಚಿನ ಕಪ್ಪು ಗುರುತು

ತೊಂಬತ್ತರ ದಶಕದಲ್ಲಿ ಗಾವಡಗೆರೆ ಹತ್ತಿರದ ಒಂದು ಊರಿನ ಲೈಬ್ರರಿಯನ್ನು ನಾನು ನೋಡಿಕೊಳ್ಳುತ್ತಿದ್ದೆ. ಪಂಚಾಯ್ತಿಯವರು ಕೊಟ್ಟ ಒಂದೇ ಕೋಣೆ, ಎರಡು ಬೀರು, ಒಂದು ಬೆಂಚು. ಹೊಸ ಪುಸ್ತಕ ಬಂದರೆ ಮೂಸಿ ನೋಡಿ, ರಟ್ಟು ಹಾಕಿ, ಬೀರುವಿನಲ್ಲಿಟ್ಟು ಬೀಗ ಜಡಿಯುತ್ತಿದ್ದೆ. ಓದುವವರಿಗಿಂತ ಪುಸ್ತಕದ ಮೇಲೇ ನನಗೆ ಪ್ರೀತಿ. ಅದೊಂದು ದೊಡ್ಡ ಗುಣ ಅಂತ ಜಂಬ ಬೇರೆ.

ನಮ್ಮ ಕಡೆ ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಎಲ್ಲರ ಕೈಯೂ ಕಪ್ಪು. ಹಸಿ ಎಲೆಯ ಅಂಟು ಬೆರಳಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಅದು ಗೊತ್ತಿದ್ದೂ ಬಾಗಿಲಲ್ಲಿ ಬಕೆಟ್ಟು, ಸೋಪು ಇಟ್ಟು, ಕೈ ತೊಳೆದು ಪುಸ್ತಕ ಮುಟ್ಟಿ ಎಂದು ಬೋರ್ಡು ಬರೆದಿದ್ದೆ.

ಕಾದಂಬರಿ ಓದಲು ಬರುತ್ತಿದ್ದ ಹೆಂಗಸು ಊರಿಗೆಲ್ಲ ಒಬ್ಬಳೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೊಲಕ್ಕೆ ಬುತ್ತಿ ಕೊಟ್ಟು ಬರುವಾಗ ಬೆಂಚಿನ ತುದಿಯಲ್ಲಿ ಕೂತು, ತುಟಿ ಅಲ್ಲಾಡಿಸುತ್ತ ನಾಲ್ಕೈದು ಪುಟ ಓದಿ ಹೋಗುತ್ತಿದ್ದಳು. ಒಂದು ದಿನ ಅವಳು ಓದುತ್ತಿದ್ದ ದಪ್ಪ ಕಾದಂಬರಿಯ ಪುಟದಂಚಿನಲ್ಲಿ ಹೆಬ್ಬೆರಳಿನ ಕಪ್ಪು ಗುರುತು ಕಂಡು ನನಗೆ ಪಿತ್ತ ನೆತ್ತಿಗೇರಿತು.

"ಏನಮ್ಮಾ, ಬೋರ್ಡು ಕಾಣಾಕಿಲ್ವಾ? ಪುಸ್ತಕ ಅಂದ್ರೆ ಸರಸ್ವತಿ ಕಣಮ್ಮ," ಎಂದು ಪೇಪರ್ ಓದುತ್ತಿದ್ದವರ ಎದುರೇ ಗದರಿದೆ.

"ಉಜ್ಜಿ ಉಜ್ಜಿ ತೊಳ್ದಿವ್ನಿ ಕಣಣ್ಣ, ಓಗಾಕಿಲ್ಲ. ಈ ಕತೇಲಿ ಕಳ್ದೋದ ಮಗ ಅವ್ರ ತಾಯಿಗೆ ಸಿಕ್ತಾನಾ ಇಲ್ವಾ, ಅಷ್ಟು ತಿಳ್ಕಂಡು ಮಡಗ್ಬುಡ್ತೀನಿ."

"ಸೊಪ್ಪಿನ ಕೆಲ್ಸ ಮುಗುದ್ಮೇಲೆ ಬಾರಮ್ಮ," ಎಂದು ಪುಸ್ತಕ ಕಿತ್ತುಕೊಂಡು ಬೀಗ ಹಾಕಿದೆ.

ಸೊಪ್ಪಿನ ಕೆಲಸ ಮುಗಿಯಿತು. ಅವಳು ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ನಾನೇ ಕರೆದೆ. "ನಿಮ್ಮ ಪುಸ್ತ್ಕ ಚೆಂದಾಗಿರ್ಲಿ ಬುಡಿ ಅಣ್ಣ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಕಥೆಯ ಕೊನೆಯನ್ನಾದರೂ ಹೇಳೋಣವೆಂದರೆ, ಆ ಕಾದಂಬರಿಯನ್ನು ನಾನೇ ಓದಿರಲಿಲ್ಲ. ಆಮೇಲಾದರೂ ಓದಿದೆನೇ? ಅದೂ ಇಲ್ಲ.

ಬರಬರುತ್ತ ಜನ ಪೇಪರ್ ನೋಡಲಷ್ಟೇ ಬಂದರು. ಮನೆಮನೆಗೆ ಟಿವಿ ಬಂದ ಮೇಲೆ ಅದೂ ನಿಂತಿತು. ಟಿವಿಯನ್ನು ಬೈದುಕೊಂಡೇ ವರ್ಷಗಳನ್ನು ಕಳೆದೆ. ಎರಡು ಸಾವಿರ ದಾಟಿದ ಮೇಲೆ ಪಂಚಾಯ್ತಿಯವರು ಕೋಣೆ ಖಾಲಿ ಮಾಡಿ ಎಂದರು. ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬುವಾಗ ಆ ಕಾದಂಬರಿ ಕೈಗೆ ಬಂತು. ಅಷ್ಟರಲ್ಲಿ ಅವಳು ತೀರಿಕೊಂಡು ವರ್ಷವಾಗಿತ್ತು.

ಕಪ್ಪು ಗುರುತು ಹಾಗೇ ಇತ್ತು. ಮುಂದಿನ ಒಂದು ಪುಟದಲ್ಲೂ ಕಲೆಯಿಲ್ಲ, ನಾನು ಬಯಸಿದ ಹಾಗೆಯೇ. ಅಲ್ಲೇ ನೆಲದ ಮೇಲೆ ಕೂತು ಕೊನೆಯವರೆಗೂ ಓದಿದೆ. ಮಗ ಸಿಕ್ಕಿದ. ಯಾರಿಗೆ ಹೇಳಲಿ?