ಎರ್ರಿಸ್ವಾಮಿಯ ಎದೆಯೊಳಗಿನ ಪಟ್ಟಿ

ಎರ್ರಿಸ್ವಾಮಿ ಅಂಗಾತ ಮಲಗಿ, ಎದೆಯ ನಡುವಿನ ಗುಂಡಿಯಲ್ಲಿ ಹುರಿದ ಶೇಂಗಾ ತುಂಬಿಕೊಂಡು ಒಂದೊಂದೇ ತಿನ್ನುತ್ತಿದ್ದ. ಹುಟ್ಟಿನಿಂದಲೇ ಅವನ ಎದೆಯೆಲುಬು ಒಳಕ್ಕೆ ಕುಸಿದಿತ್ತು. "ನನ್ನಂಗ ಬಟ್ಟಲ ಹೊತಗೊಂಡ ಹುಟ್ಟಿದೋರು ಯಾರದಾರ ಹೇಳ್ರಿ ಸರ" ಎನ್ನುತ್ತಿದ್ದ. ಮಲಪನಗುಡಿಯಲ್ಲಿ ನಮ್ಮ ಪಕ್ಕದ ಮನೆಯವನು, ವಯಸ್ಸು ಹತ್ತೊಂಬತ್ತು, ಸಂಡೂರಿನ ಅದಿರು ಯಾರ್ಡಿನಲ್ಲಿ ಲಾರಿ ತೂಗುವ ಕೆಲಸ. ಈ ತಮಾಷೆಯೆಲ್ಲ ನನ್ನೆದುರು ಮಾತ್ರ. ಕಂಪ್ಲಿಯ ಹೊಳೆಗೆ ಗೆಳೆಯರ ಜೊತೆ ಈಜಲು ಹೋದರೆ ಅಂಗಿ ಸಮೇತ ನೀರಿಗೆ ಬೀಳುತ್ತಿದ್ದ. ಬಿಸಿಲು ತಡೆಯೋದಿಲ್ಲ ಎಂಬ ನೆಪ ಹೇಳುತ್ತಿದ್ದ. ದಿನವಿಡೀ ಯಾರ್ಡಿನ ಧೂಳಿನಲ್ಲಿ ನಿಲ್ಲುವವನಿಗೆ ಬಿಸಿಲಿನ ಚಿಂತೆ! ಆ ಹುಡುಗನನ್ನು ನಾನು ಬಹಳ ಹಚ್ಚಿಕೊಂಡಿದ್ದೆ.

ದೊಡ್ಡ ಊರಿನ ಡಾಕ್ಟರು ಎರಡೂ ಪಕ್ಕೆಯಲ್ಲಿ ಒಂದೊಂದು ಸಣ್ಣ ತೂತು ಮಾಡಿ, ಎದೆಯೆಲುಬಿನ ಕೆಳಗೆ ಬಾಗಿದ ಸ್ಟೀಲ್ ಪಟ್ಟಿ ತೂರಿಸಿ, ಗುಂಡಿಯನ್ನು ಮೇಲಕ್ಕೆತ್ತಿದರು. ಕೆಲವು ವರ್ಷ ಬಿಟ್ಟು ತೆಗೆಯುತ್ತೇವೆ ಎಂದರು. ಅವನ ತಾಯಿ ಹುಲಿಗೆವ್ವ, ನೋಡಲು ಬಂದವರಿಗೆಲ್ಲ ಮಗನ ಅಂಗಿ ಎತ್ತಿ ಆ ಎರಡು ಗಾಯ ತೋರಿಸುತ್ತಿದ್ದಳು. ಕಿವಿ ಚುಚ್ಚಿಸಿದಷ್ಟೇ ಎಂದು ಊರು ತೀರ್ಮಾನಿಸಿತು. ಗಾಯ ಸಣ್ಣದಾದರೆ ಆಪರೇಶನ್ನೂ ಸಣ್ಣದು ಎಂಬುದು ನಮ್ಮೂರಿನ ವೈದ್ಯಶಾಸ್ತ್ರ.

ಆದರೆ ಹುಲಿಗೆವ್ವ ಮೊದಲೇ ಊರಮ್ಮನಿಗೆ ಹರಕೆ ಹೊತ್ತಿದ್ದಳು. ವಾಸಿಯಾದರೆ ಮಗ ಮನೆಯಿಂದ ಗುಡಿಯವರೆಗೆ ದೀಡ್ ನಮಸ್ಕಾರ ಹಾಕಬೇಕು. ಉದ್ದಕ್ಕೆ ಬೋರಲು ಬಿದ್ದು, ಎದ್ದು, ಮತ್ತೆ ಬೀಳುತ್ತ ಹೋಗುವ ಸೇವೆ ಅದು. ಆಪರೇಶನ್ ಆದ ಇಪ್ಪತ್ತನೆಯ ದಿನ ತಾಯಿ ಮಗ ಇಬ್ಬರೂ ಆಸ್ಪತ್ರೆಯ ಇಂಗ್ಲಿಷ್ ಚೀಟಿ ಹಿಡಿದು ಬಂದರು. ನಾನು ಇಂಗ್ಲಿಷ್ ಮೇಷ್ಟ್ರು. ಭಾರ ಎತ್ತಬಾರದು, ಬೈಕ್ ಓಡಿಸಬಾರದು, ಆಟ ಆಡಬಾರದು ಎಂದು ಓದಿ ಹೇಳಿದೆ.

"ನಮಸ್ಕಾರ ಬ್ಯಾಡ ಅಂತ ಐತೇನ್ರಿ?" ಎಂದಳು ಹುಲಿಗೆವ್ವ.

ಎರಡು ಸಲ ಹುಡುಕಿ, ಇಲ್ಲ ಎಂದೆ. ಓದಿದವನ ಬುದ್ಧಿ. ಚೀಟಿಯಲ್ಲಿ ಇಲ್ಲದ್ದನ್ನು ಯೋಚಿಸಲು ನನಗೆ ತೋಚಲಿಲ್ಲ.

ಎರ್ರಿಸ್ವಾಮಿ ಬಿದ್ದು ಎದ್ದು ಗುಡಿ ಮುಟ್ಟಿದ, ಪ್ರಸಾದವನ್ನೂ ತಿಂದ. ಮರುದಿನ ಉಸಿರು ಸಿಕ್ಕದಾಯಿತು. ಹೊಸಪೇಟೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು, ಪಟ್ಟಿ ಜಾರಿ ತಿರುಗಿದೆ, ಹೃದಯಕ್ಕೆ ಒತ್ತುತ್ತಿದೆ, ಈಗಲೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಎಲ್ಲಾದರೂ ಬಿದ್ದೆಯೇನಪ್ಪ ಎಂದೂ ಕೇಳಿದರು. ಹುಲಿಗೆವ್ವ ಹೊರಗೆ ಕೂತಿದ್ದಳು. ಎಷ್ಟು ಸಲ ಬಿದ್ದನೆಂದು ಹೇಳುವುದು?

ಆಂಬುಲೆನ್ಸಿಗೆ ಏರಿಸುವಾಗ ಅವನು ನನ್ನ ಕೈ ಹಿಡಿದ. ಹುಲಿಗೆವ್ವ ಆಚೆ ಚೀಲ ಎತ್ತಿಡುತ್ತಿದ್ದಳು.

"ಸರ, ನಮಸ್ಕಾರದಿಂದ ಆತು ಅಂತ ಅವ್ವಗ ಹೇಳಬ್ಯಾಡ್ರಿ. ಪಟ್ಟೀನ ಸರಿ ಇದ್ದಿದ್ದಿಲ್ಲ ಅನ್ರಿ."

ದೊಡ್ಡ ಆಸ್ಪತ್ರೆಯಲ್ಲಿ ಪಟ್ಟಿ ತೆಗೆಯುವಾಗ ಹೃದಯಕ್ಕೆ ಗಾಯವಾಗಿ ರಕ್ತ ನಿಲ್ಲಲೇ ಇಲ್ಲ. ಅವನು ತಿರುಗಿ ಬರಲಿಲ್ಲ. ನಾನು ಅವನು ಹೇಳಿಕೊಟ್ಟಂತೆಯೇ ಹೇಳಿದೆ.

ಹುಲಿಗೆವ್ವ ಈಗಲೂ ಮಂಗಳವಾರ ತಪ್ಪದೆ ಗುಡಿಗೆ ಹೋಗುತ್ತಾಳೆ. ವಾಪಸ್ಸು ಬರುವಾಗ ನಮ್ಮ ಕಟ್ಟೆಯ ಮೇಲೆ ಕೂತು, ಪಟ್ಟಿ ಮಾಡಿದವರ ವಂಶವನ್ನೆಲ್ಲ ಬೈಯುತ್ತಾಳೆ. ಬೈದು ಸುಸ್ತಾದ ಮೇಲೆ ಪ್ರತಿ ವಾರವೂ ಒಂದೇ ಮಾತು ಕೇಳುತ್ತಾಳೆ.

"ಸೇವಾ ಮಾಡಿಸಿದ್ದಕ್ಕ ಅಷ್ಟ ದಿನಾ ಆದ್ರೂ ಉಳದ, ಅಲ್ಲೇನ್ರಿ ಸರ?"

ಹೌದು ಎನ್ನುತ್ತೇನೆ.