ಕಾಳಾಚಾರಿ ಎಳೆದ ಅಂಚು

ಬಾಗಿಲ ಚೌಕಟ್ಟಿನ ಅಂಚಿಗೆ ಬಣ್ಣ ಎಳೆಯುವಾಗ ಕಾಳಾಚಾರಿ ಉಸಿರು ಬಿಗಿಹಿಡಿಯುತ್ತಿದ್ದ. ಕುಂಚ ಮೊಳದುದ್ದ ಇಳಿದು ನಿಂತ ಮೇಲೆಯೇ, ನೊಗ ಇಳಿಸಿದ ಎತ್ತಿನಂತೆ, ‘ಹುಸ್’ ಎನ್ನುತ್ತಿದ್ದ. ಆ ಸದ್ದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಅವನು ಈಗಿಲ್ಲ; ಆದರೆ ಸತ್ತರೆಂಬ ಒಂದೇ ಕಾರಣಕ್ಕೆ ಯಾರನ್ನೂ ಹೊಗಳುವವನಲ್ಲ ನಾನು. ಅವನನ್ನು ನಾನು ಸಹಿಸುತ್ತಿರಲಿಲ್ಲ, ಅವನೂ ನನ್ನನ್ನು.

ನಂಜನಗೂಡಿನಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆಗೆ ಬಣ್ಣ ಬಳಿಯಲು ಬಂದಿದ್ದ. ಮೈಸೂರಿನ ಕಾಲೇಜಿನ ಚರ್ಚಾಕೂಟದಲ್ಲಿ ಗೆದ್ದ ಗತ್ತಿನಲ್ಲಿ ನಾನು ರಜೆಗೆ ಬಂದಿದ್ದೆ. ಮರದ ಗಂಟುಗಳಿಂದ ಅಂಟು ಒಸರದಂತೆ ಅರಗು ಸವರದೆ ಅವನು ಬಣ್ಣ ಮುಟ್ಟುತ್ತಿರಲಿಲ್ಲ. ಕುಂಚದ ಬುಡಕ್ಕೆ ದಾರ ಸುತ್ತಿ ಕೂದಲನ್ನು ಗಿಡ್ಡ ಮಾಡಿಕೊಂಡು, ತುದಿಯನ್ನಷ್ಟೇ ಅದ್ದುತ್ತಿದ್ದ.

“ಅಷ್ಟೇ ಯಾಕೆ ಅದ್ದಬೇಕು?” ಎಂದೆ.

“ಜಾಸ್ತಿ ಅದ್ದುದ್ರೆ ನಿಮ್ ಮಾತಿನಂಗೆ ಕಂಡ್‌ಕಂಡ್ ಕಡೆ ಅರೀತದೆ, ಸಾಮಿ.”

ಗೋಡೆಗೆ ಕಾಗದದ ಪಟ್ಟಿ ಅಂಟಿಸಿಕೊಂಡರೆ ಉಸಿರು ಹಿಡಿಯುವ ನಾಟಕವೇ ಬೇಡವಲ್ಲ ಎಂದು ವಾದ ಹೂಡಿದೆ.

“ಸುಣ್ಣ ಕಿತ್ಕೊಂಡ್ ಬತ್ತದೆ.”

“ಅದಕ್ಕೆ ಪ್ರಮಾಣ?”

“ಬಾಯ್ ಮುಚ್ಕೊಂಡು ಆಚೆ ಓಗಿ ಸಾಮಿ, ಕೈ ಅಲ್ಲಾಡ್ತದೆ.”

ಮರುದಿನ ಅವನು ಉಣ್ಣಲು ಹೋದಾಗ, ನಡುಮನೆಯ ಬಾಗಿಲ ಸುತ್ತ ಗಂಜಿಯಿಂದ ಕಾಗದ ಅಂಟಿಸಿ ನಾನೇ ಹಸಿರು ಬಳಿದೆ. ಕಾಗದ ಎಳೆದರೆ ಸುಣ್ಣ ಹಪ್ಪಳದಂತೆ ಎದ್ದು ಬಂತು. ಕಾಗದದಡಿ ಜಿನುಗಿದ್ದ ಬಣ್ಣ ಗೋಡೆಯ ಮೇಲೆ ಗರಗಸದ ಹಲ್ಲಿನಂತೆ ನಿಂತಿತ್ತು.

ಅದೇ ಹೊತ್ತಿಗೆ ನಮ್ಮ ಸೋದರಮಾವ ಗಾಡಿ ಇಳಿದರು. ತಿರುಮಕೂಡಲು ನರಸೀಪುರದಲ್ಲಿ ಅವರ ಹೊಸ ಮನೆ ಏಳುತ್ತಿತ್ತು. ಇಲ್ಲಿನ ಕೆಲಸ ಮನಸ್ಸಿಗೆ ಬಂದರೆ ಅದನ್ನೂ ಕಾಳಾಚಾರಿಗೇ ಒಪ್ಪಿಸುವುದೆಂದು ಮಾತಾಗಿತ್ತು. ಅದನ್ನೇ ನಂಬಿ ಅವನು ಬೇರೆ ಎರಡು ಮನೆಗಳ ಕೆಲಸ ಬಿಟ್ಟಿದ್ದ. ಬಾಯಿ ಒರೆಸಿಕೊಳ್ಳುತ್ತ ಅವನೂ ಒಳಗೆ ಬಂದ.

“ಏನಯ್ಯಾ ಆಚಾರಿ, ಇದೇನಾ ನಿನ್ನ ಕೈಚಳಕ? ನಮ್ಮನೆ ಎಮ್ಮೆ ಬಾಲದಲ್ಲಿ ಇದಕ್ಕಿಂತ ಚೆನ್ನಾಗಿ ಬಳಿಯುತ್ತೆ!” ಎಂದರು ಮಾವ.

ಅವನು ಗೋಡೆ ನೋಡಿದ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದ ನನ್ನನ್ನು ನೋಡಿದ. ಮನೆಮಗನ ಮೇಲೆ ಕೂಲಿಯವನು ಹೇಳುವ ದೂರು ನಿಲ್ಲದೆಂದು ಅವನಿಗೆ ಗೊತ್ತಿತ್ತು.

“ಚಿಕ್‌ಸಾಮಿಗಳ್ನೇ ಕೇಳಿ” ಎಂದ.

ಮಾವ ನನ್ನ ಕಡೆ ತಿರುಗಿದರು.

“ಅಂಚು ನೆಟ್ಟಗಿಲ್ಲ, ಅದಂತೂ ನಿಜ” ಎಂದೆ. ಸುಳ್ಳಾಡದೆ ಸತ್ಯ ಮುಚ್ಚುವ ವಿದ್ಯೆ ನನಗೆ ಕರಗತವಾಗಿತ್ತು.

ನಾನು ಕೆಡಿಸಿದ್ದನ್ನು ಕೆರೆದು, ಮತ್ತೆ ಸುಣ್ಣ ಬಳಿದು, ಬಾಗಿಲನ್ನು ನೇರ ಮಾಡಿಯೇ ಅವನು ಹೋದ. ನರಸೀಪುರದ ಮನೆ ಬೇರೆಯವರ ಪಾಲಾಯಿತು.

ಅವನನ್ನು ಕಡೆಯ ಸಲ ಕಂಡದ್ದು ಮಳೆಗಾಲ ಕಳೆದ ಮೇಲೆ, ಕಪಿಲಾ ಹೊಳೆಯ ದಾರಿಯಲ್ಲಿ. ಯಾರದೋ ಗಾಡಿಯ ಚಕ್ರಕ್ಕೆ ಕಾವಿ ಬಳಿಯುತ್ತಿದ್ದ.

“ಮಾವನಿಗೆ ಎಲ್ಲಾ ಹೇಳಿಬಿಟ್ಟೆ, ಅದು ನಾನು ಮಾಡಿದ್ದು ಅಂತ” ಎಂದೆ, ದೊಡ್ಡ ಉಪಕಾರ ಮಾಡಿದವನಂತೆ.

ಅವನು ತಲೆ ಎತ್ತಲಿಲ್ಲ. “ಬೈದ್ರಾ?”

“ಇಲ್ಲ. ನಕ್ಕರು.”

“ಊಂ” ಎಂದು ಚಕ್ರ ತಿರುಗಿಸಿದ. “ನಿಮ್ಗಾದ್ರೆ ನಗ್ತಾರೆ.”