ಪಕ್ಕದ ಹಲಗೆಗೆ ಬಿದ್ದ ಗುಂಡುಗಳು

ಮೂರನೆಯ ಸುತ್ತಿನಲ್ಲಿ ನನ್ನ ತಮ್ಮ ಬಸು ಹಾರಿಸಿದ ಗುಂಡುಗಳೆಲ್ಲ ಪಕ್ಕದವನ ಗುರಿಹಲಗೆಗೆ ಬಿದ್ದಿದ್ದವು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ವಿಜಾಪುರದ ಕೋಟೆಗೋಡೆಯಾಚೆ ಹುಡುಗರ ಬಂದೂಕು ಸ್ಪರ್ಧೆ ನಡೆದಿತ್ತು. ಗೆದ್ದವನಿಗೆ ಪೊಲೀಸ್ ನೌಕರಿ ಎಂದು ಜಿಲ್ಲೆಯ ಸಾಹೇಬರು ಹೇಳಿದ್ದರು. ನಮ್ಮೂರು ತಿಕೋಟಾದಿಂದ ಇಬ್ಬರೂ ನಡೆದೇ ಬಂದಿದ್ದೆವು.

ಮಲಗಿ ಹೊಡೆಯುವುದರಲ್ಲೂ ಮಂಡಿಯೂರಿ ಹೊಡೆಯುವುದರಲ್ಲೂ ಬಸುನೇ ಮುಂದಿದ್ದ. ಆಗ ಅವನ ಹಲಗೆ ಸಾಲಿನ ತುದಿಗಿತ್ತು. ನಿಂತು ಹೊಡೆಯುವ ಸುತ್ತಿಗೆ ಜಾಗ ಬದಲಾಗಿ ನಡುವೆ ಬಂತು. ಇನ್ನು ಹಲಗೆಯ ಮೇಲಿನ ಅಂಕಿ ನೋಡಿಯೇ ತನ್ನದನ್ನು ಗುರುತಿಸಬೇಕು. ಬೇರೆಯವರ ಹಲಗೆಗೆ ಬಿದ್ದದ್ದು ಹೊಡೆದವನ ಲೆಕ್ಕಕ್ಕಿಲ್ಲ.

"ಲೇ, ನನಗ ನೌಕರಿ ಕೊಡಸಾಕ ಬಂದಿಯೇನ್ಲೇ?" ಎಂದು ಪಕ್ಕದಲ್ಲಿದ್ದ ಬಬಲೇಶ್ವರದ ಹುಡುಗ ನಕ್ಕ. ಮಂದಿಯೂ ನಕ್ಕರು. ನನಗೆ ಮೈ ಉರಿಯಿತು. ಬಸುನ ರಟ್ಟೆ ಹಿಡಿದು ಬೇವಿನ ಮರದ ಕೆಳಗೆ ಎಳೆದೊಯ್ದು, "ಕಣ್ಣ ಎಲ್ಲಿಟ್ಟಿದ್ದಿಲೇ?" ಎಂದೆ.

"ಅಂಕಿ ಕಾಣಲಿಲ್ಲ ಯಣ್ಣಾ. ಬರೇ ಕರಿ ಚುಕ್ಕಿ ಕಾಣತೈತಿ, ಅದಕ್ಕ ಹೊಡದೆ. ಈಗೀಗ ನಿನ್ನ ಮಾರಿನೂ ಮಸಕ ಆಗಾಕತ್ತೈತಿ."

ಮಿರಜಕ್ಕೆ ಕರೆದೊಯ್ದರೆ ಅಲ್ಲಿನ ಕಣ್ಣಿನ ಡಾಕ್ಟರು ಚಷ್ಮಾ ಕೊಡಲಿಲ್ಲ. ಒಳಗಿನ ನರವೇ ಒಣಗುತ್ತಿದೆ, ಇದಕ್ಕೆ ಔಷಧವಿಲ್ಲ ಎಂದರು.

ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು, ಬಂಡಿಯ ಗಾಲಿ ಮಾಡಿ ಮನೆ ನಿಲ್ಲಿಸಿದವನು ನಾನು. ದುಡಿದರೆ ಆಗದ್ದು ಯಾವುದೂ ಇಲ್ಲ ಎಂದು ಬಸುಗೆ ದಿನಾ ಹೇಳುತ್ತಿದ್ದೆ. ಈಗ ಅವನು ಗೋಡೆ ಹಿಡಿದು ನಡೆಯುತ್ತಾನೆ. ಆ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ.